ಗೌರಮ್ಮ ಉಳಿದ ವರ್ಷ

ಹೋದ ತಿಂಗಳು ನಾದಿನಿಯ ಹೊಸ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸುವ ಶಾಸ್ತ್ರವಿತ್ತು. ಹೊಸಕೆರೆಹಳ್ಳಿಯ ಕೆರೆಯಿಂದ ಎರಡು ರಸ್ತೆ ಈಚೆಗೆ ಮನೆ. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆಯುತ್ತಿದ್ದಂತೆ ಬಿಸಿ ರಾಗಿಹಿಟ್ಟಿನ ವಾಸನೆ ಬಂತು. ಆಗಷ್ಟೇ ಮಿಲ್ಲಿನಿಂದ ಇಳಿದ ಹಿಟ್ಟು, ತಕ್ಷಣ ಮುಚ್ಚಳ ಹಾಕಿದರೆ ಡಬ್ಬದೊಳಗೇ ಬೆವರುತ್ತದಲ್ಲ, ಅಂಥ ಹಿಟ್ಟಿನ ವಾಸನೆ. ನಾದಿನಿ ಮಹಡಿಯಿಂದ ಕೂಗುತ್ತಿದ್ದರೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಗೆ ಮುದ್ದೆ, ಸೊಪ್ಪಿನ ಸಾರು ನೆನಪಾಗಬಹುದು. ನನಗೆ ಎರಡನೇ ಅಲೆಯ ವರ್ಷದ ಮಳೆಗಾಲ ನೆನಪಾಗುತ್ತದೆ, ಗೌರಮ್ಮ ನೆನಪಾಗುತ್ತಾರೆ.

ನಾನು ಲ್ಯಾಬ್ ಟೆಕ್ನಿಷಿಯನ್. ಹುಟ್ಟಿ ಬೆಳೆದದ್ದು ಸಾರಕ್ಕಿಯ ಹಳೇ ಊರಿನೊಳಗೆ, ಮದುವೆಯಾಗಿ ಹೋದದ್ದು ಅಲ್ಲಿಂದ ಎರಡು ಬೀದಿ ಆಚೆಗೆ. ಜಯನಗರದ ಒಂದು ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಹದಿನಾಲ್ಕು ವರ್ಷದಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದೆ. ಈ ಕೆಲಸದಲ್ಲಿ ಜನರ ಮುಖಕ್ಕಿಂತ ಅವರ ಮೊಣಕೈಯ ಒಳಮಗ್ಗುಲೇ ಹೆಚ್ಚು ನೆನಪಿರುತ್ತದೆ. ಯಾರ ನರ ಉಬ್ಬಿಕೊಂಡಿರುತ್ತದೆ, ಯಾರದು ಸೂಜಿ ಕಂಡರೆ ಜಾರುತ್ತದೆ ಎಂಬುದು ಕೈಗೇ ಗೊತ್ತಾಗಿಬಿಡುತ್ತದೆ.

ಆ ವರ್ಷ ನಮ್ಮ ಆಸ್ಪತ್ರೆಯ ಡಾಕ್ಟರ್ ಸುಮಂಗಲಾ ಒಂದು ಅಧ್ಯಯನ ಶುರು ಮಾಡಿದರು. ಉಸಿರಾಟದ ತೊಂದರೆಯಾಗಿ ಬಂದ ಕೋವಿಡ್ ರೋಗಿಗಳು ಒಪ್ಪಿದರೆ, ದಾಖಲಾದ ದಿನ, ಮೂರನೇ ದಿನ, ಏಳನೇ ದಿನ ಅವರ ರಕ್ತ ತೆಗೆದಿಡಬೇಕು. ಉಳಿದು ಮನೆಗೆ ಹೋದವರಿಂದ ಒಂದು ತಿಂಗಳಾದ ಮೇಲೊಮ್ಮೆ, ಆರು ತಿಂಗಳಾದ ಮೇಲೊಮ್ಮೆ ಮತ್ತೆ ತೆಗೆಯಬೇಕು. ವೈರಸ್ಸೂ ಒಂದೇ, ಕೊಡುವ ಔಷಧಿಯೂ ಒಂದೇ ಆಗಿರುವಾಗ ಪಕ್ಕಪಕ್ಕದ ಮಂಚದ ಇಬ್ಬರಲ್ಲಿ ಒಬ್ಬರು ಯಾಕೆ ಉಳಿಯುತ್ತಾರೆ, ಒಬ್ಬರು ಯಾಕೆ ಹೋಗುತ್ತಾರೆ, ಒಳಗೆ ಅವರ ದೇಹ ಏನೇನು ಮಾಡಿರುತ್ತದೆ ಎಂದು ತಿಳಿಯುವುದು ಅವರ ಉದ್ದೇಶ. ರಕ್ತ ತೆಗೆಯುವುದು, ಯಂತ್ರದಲ್ಲಿ ತಿರುಗಿಸಿ ತಿಳಿಯನ್ನೂ ಬಿಳಿ ರಕ್ತಕಣಗಳನ್ನೂ ಬೇರೆ ಮಾಡುವುದು, ಸಣ್ಣ ಟ್ಯೂಬಿಗೆ ತುಂಬಿ ಹೆಸರಿನ ಬದಲು ನಂಬರು ಅಂಟಿಸಿ ಫ್ರೀಜರಿನಲ್ಲಿಡುವುದು ನನ್ನ ಪಾಲಿಗೆ ಬಂತು. ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಯಾರ ರಕ್ತದಲ್ಲಿ ಏನು ಸಿಕ್ಕಿತೆಂದು ಅವರಿಗಾಗಲಿ, ಮನೆಯವರಿಗಾಗಲಿ ಹೇಳುವಂತಿಲ್ಲ. ಒಬ್ಬರದನ್ನು ನೋಡಿ ಏನೂ ತಿಳಿಯುವುದಿಲ್ಲ, ನೂರಾರು ಜನರದನ್ನು ಒಟ್ಟಿಗಿಟ್ಟು ನೋಡಬೇಕು ಎಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. ನಾನು ಸಹಿ ಹಾಕಿದ್ದೆ.

ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗಂಡ ಹೆಂಡತಿ ಒಟ್ಟಿಗೆ ಬಂದು ದಾಖಲಾದರು. ಹೊಸಕೆರೆಹಳ್ಳಿಯಲ್ಲಿ ಹಿಟ್ಟಿನ ಮಿಲ್ ನಡೆಸುವವರು, ಮೂಲ ತುಮಕೂರಿನ ಕಡೆ. ಗಂಡ ರುದ್ರಪ್ಪ, ಐವತ್ತೆಂಟು ವರ್ಷ, ಮೂಟೆ ಹೊತ್ತು ಗಟ್ಟಿಯಾದ ಭುಜ, ಹಣೆಯಲ್ಲಿ ವಿಭೂತಿ. ಅದುವರೆಗೆ ಒಂದು ಇಂಜೆಕ್ಷನ್ ಕೂಡ ಚುಚ್ಚಿಸಿಕೊಂಡವರಲ್ಲವಂತೆ. ಹೆಂಡತಿ ಗೌರಮ್ಮ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಕಡ್ಡಿಯಂಥ ಕೈ. ಇಬ್ಬರನ್ನೂ ನೋಡಿದವರು ಗೌರಮ್ಮನ ಬಗ್ಗೆಯೇ ತಲೆಯಾಡಿಸಿದ್ದರು. ರುದ್ರಪ್ಪನವರು ತಾವಾಗಿಯೇ ನಡೆದು ಗಂಡಸರ ವಾರ್ಡಿಗೆ ಹೋದರು. ಗೌರಮ್ಮನನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋಗಬೇಕಾಯಿತು. ಇಬ್ಬರೂ ಅಧ್ಯಯನಕ್ಕೆ ಒಪ್ಪಿದರು. ರುದ್ರಪ್ಪನವರದು ಮೂವತ್ತೇಳನೇ ನಂಬರು, ಗೌರಮ್ಮನದು ಮೂವತ್ತೆಂಟು.

ಮೂರನೇ ದಿನ ಗೌರಮ್ಮನ ನರ ಸಿಗದೆ ನಾನು ಎರಡು ಸಲ ಚುಚ್ಚಿ ಸೋತು, ಆಮೇಲೆ ಬಂದರಾಯಿತೆಂದು ಗಂಡಸರ ವಾರ್ಡಿಗೆ ಹೋದೆ. ರುದ್ರಪ್ಪನವರ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಮಾತಾಡಬೇಡಿ ಎಂದರೂ ಮಾಸ್ಕ್ ಸ್ವಲ್ಪ ಎತ್ತಿದರು.

“ನಮ್ಮವಳದು ತಗೊಂಡ್ರಾ?”

ಸಿಗುತ್ತಿಲ್ಲ ಎಂದೆ.

“ಎಡಗೈಲಿ ನೋಡಿ, ಹೆಬ್ಬೆರಳ ಬುಡದಿಂದ ಒಂದಿಷ್ಟು ಮೇಲೆ. ಅಲ್ಲಿ ಸಿಗುತ್ತೆ. ಬಿಸಿನೀರಿನ ಬಟ್ಟೆ ಇಡಿ ಮೊದ್ಲು.”

ಹಾಗೇ ಮಾಡಿದೆ, ಸಿಕ್ಕಿತು. ವಾಪಸು ಹೋಗಿ ಹೇಳೋಣವೆಂದುಕೊಂಡೆ. ಆ ದಿನಗಳಲ್ಲಿ ಪಿಪಿಇ ಒಳಗೆ ಬೆವರು ಕಾಲುಚೀಲದವರೆಗೂ ಇಳಿಯುತ್ತಿತ್ತು, ಒಂದು ವಾರ್ಡ್ ಮುಗಿಸುವಷ್ಟರಲ್ಲಿ ಇನ್ನೊಂದು ವಾರ್ಡಿನ ಕರೆ ಬರುತ್ತಿತ್ತು. ಹೇಳಲಾಗಲಿಲ್ಲ. ಮರುದಿನ ರುದ್ರಪ್ಪನವರನ್ನು ಐಸಿಯುಗೆ ಒಯ್ದರು. ಏಳನೇ ದಿನ ನಾನು ರಕ್ತ ತೆಗೆಯುವಾಗ ಅವರಿಗೆ ಎಚ್ಚರವಿರಲಿಲ್ಲ. ಒಂಬತ್ತನೇ ದಿನ ಹೋದರು.

ಗೌರಮ್ಮ ಆಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದರು. ಅವರಿಗೆ ನಾಲ್ಕು ದಿನ ಬಿಟ್ಟು ಹೇಳಿದರು. ಮುಖ ನೋಡಲು ಸಿಗಲಿಲ್ಲ. ಅವರ ಜನರಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ಕೈಯಲ್ಲಿ ಲಿಂಗವಿಟ್ಟು. ಆ ವರ್ಷ ಅದೂ ಆಗಲಿಲ್ಲ. ಮಗ ಮಹೇಶ ಒಬ್ಬನೇ ಹೋಗಿ ದೂರದಲ್ಲಿ ನಿಂತಿದ್ದು, ಮೂಟೆಯಂತೆ ಸುತ್ತಿದ ಚೀಲವನ್ನು ಮಲಗಿಸಿಯೇ ಮಣ್ಣು ಮುಚ್ಚಿದ್ದನ್ನು ನೋಡಿ ಬಂದ. ಅವನಿಗೆ ಆಗ ಇಪ್ಪತ್ತಾರು ವರ್ಷ. ಬಿಟಿಎಂ ಲೇಔಟಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ.

ಜೂನ್ ಮೊದಲ ವಾರ ತಿಂಗಳ ರಕ್ತಕ್ಕಾಗಿ ನಾನು ಅವರ ಮನೆಗೆ ಹೋದೆ. ಲಾಕ್‌ಡೌನ್ ಇನ್ನೂ ಪೂರ್ತಿ ಸಡಿಲವಾಗಿರಲಿಲ್ಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ನಾನೊಬ್ಬಳೇ ನಿಂತು ಹಸಿರು ದೀಪಕ್ಕೆ ಕಾದದ್ದು ನೆನಪಿದೆ. ಕಾಲ ಬಳಿ ಐಸ್ ಪೆಟ್ಟಿಗೆ, ತುಂತುರು ಮಳೆ. ದಾರಿಯುದ್ದಕ್ಕೂ ಮುಚ್ಚಿದ ಅಂಗಡಿಗಳ ಮೇಲೆ ಒಂದೇ ಮಾತಿನ ಬೋರ್ಡುಗಳು: ಇಮ್ಯುನಿಟಿ ಜ್ಯೂಸ್, ಇಮ್ಯುನಿಟಿ ಕಷಾಯ, ಇಮ್ಯುನಿಟಿ ಟೀ. ಹಿಂದಿನ ವರ್ಷದವರೆಗೆ ನಮ್ಮ ಲ್ಯಾಬಿನವರಷ್ಟೇ ಆಡುತ್ತಿದ್ದ ಮಾತು ಆ ಹೊತ್ತಿಗೆ ತರಕಾರಿ ಗಾಡಿಯವನ ಬಾಯಲ್ಲೂ ಇತ್ತು.

ಅವರ ಮನೆ ಮಿಲ್ಲಿನ ಹಿಂದೆಯೇ ಇತ್ತು. ಮುಂದೆ ಮಿಲ್ಲಿನ ಶಟರು ಇಳಿಸಿತ್ತು. ನಡುಮನೆಯಲ್ಲಿ ಗೌರಮ್ಮ ಚಾಪೆಯ ಮೇಲೆ ಕೂತಿದ್ದರು, ಮಹೇಶ ಬಾಗಿಲ ಬಳಿ ನಿಂತಿದ್ದ. ರುದ್ರಪ್ಪನವರ ಅಣ್ಣ ಊರಿನಿಂದ ಬಂದು ದಿವಾನದ ಮೇಲೆ ಕೂತಿದ್ದರು. ನಾನು ಕೇಳದಿದ್ದರೂ ಆ ಅಣ್ಣ ತಮ್ಮನ ಸಾವಿನ ಕಾರಣಗಳನ್ನೆಲ್ಲ ಹೇಳಿದರು. ತಮ್ಮ ಒಳಗೊಳಗೇ ಹೆದರಿದ್ದನಂತೆ, ಧೈರ್ಯ ಬಿಟ್ಟಿದ್ದರಿಂದಲೇ ಹೋದನಂತೆ. ಕಷಾಯ ಕುಡಿ ಎಂದು ಫೋನಿನಲ್ಲಿ ಬಡಿದುಕೊಂಡರೂ ಕೇಳಲಿಲ್ಲವಂತೆ. ನೋಡಲು ಗಟ್ಟಿ, ಒಳಗೆ ಇಮ್ಯುನಿಟಿ ಏನೂ ಇರಲಿಲ್ಲವಂತೆ.

ಗೌರಮ್ಮ ನನ್ನ ಕಡೆ ತಿರುಗಿ, “ನನ್ನದೇನು ನೋಡ್ತೀಯವ್ವ, ನಾನೇ ಅಂಟಿಸಿದ್ದು ಅವ್ರಿಗೆ. ನಂಗೇ ಮೊದ್ಲು ಜ್ವರ ಬಂದಿದ್ದು. ಮೂರು ದಿನ ತಲೆ ಪಕ್ಕನೇ ಕೂತು ಗಂಜಿ ಕುಡಿಸಿದ್ರು,” ಎಂದರು.

ಮಹೇಶ ಬಾಗಿಲು ದಾಟಿ ಹೊರಗೆ ಹೋದ. ತಂದೆಯ ಮಾತು ಬಂದರೆ ಅವನಿಗೆ ನಿಲ್ಲಲಾಗುವುದಿಲ್ಲವೇನೋ ಎಂದುಕೊಂಡೆ.

ನಾನು ಒಂದು ಪಾತ್ರೆಯಲ್ಲಿ ಬಿಸಿನೀರು ಕೇಳಿದೆ. ಬಟ್ಟೆ ಅದ್ದಿ ಎಡಗೈಯ ಮೇಲಿಟ್ಟು ಕಾದು, ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ಬೆರಳಾಡಿಸಿ, ಒಂದೇ ಸಲಕ್ಕೆ ತೆಗೆದೆ. ಗೌರಮ್ಮ ತಮ್ಮ ಕೈಯನ್ನೇ ನೋಡಿಕೊಂಡರು. ಡಾಕ್ಟರುಗಳಿಗೇ ಸಿಗದ ನರ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಅವರ ಗಂಡ ಮಾಸ್ಕ್ ಎತ್ತಿ ಹೇಳಿದ್ದನ್ನು ಹೇಳಿದೆ. ಅವರು ಸೆರಗನ್ನು ಬಾಯಿಗೊತ್ತಿಕೊಂಡರು. ನನಗೂ ಐಸ್ ಪೆಟ್ಟಿಗೆಯ ಮುಚ್ಚಳ ಹಾಕಲು ಎರಡು ನಿಮಿಷ ಬೇಕಾಯಿತು. ಹೊರಡುವಾಗ ಅವರು ಕಾಫಿ ಕುಡಿಸದೆ ಬಿಡಲಿಲ್ಲ.

ಆಮೇಲೆ ನಾನು ನಮ್ಮ ಮನೆಯ ರಾಗಿಯನ್ನು ಅಲ್ಲೇ ಹಿಟ್ಟು ಮಾಡಿಸತೊಡಗಿದೆ. ಸಾರಕ್ಕಿಯಲ್ಲಿ ಮಿಲ್ ಇಲ್ಲವೆಂದಲ್ಲ. ಜುಲೈನಲ್ಲಿ ಶಟರು ತೆಗೆದಿದ್ದು ಗೌರಮ್ಮ ಎಂದು ಗೊತ್ತಾಗಿ, ಕುತೂಹಲಕ್ಕೆ ಒಂದು ಸಲ ಹೋದೆ, ಮತ್ತೆ ಹೋಗುವುದು ರೂಢಿಯಾಯಿತು. ಮೂವತ್ತು ವರ್ಷ ಗಂಡ ಮಾಡುತ್ತಿದ್ದುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿಯೇ ಕಲಿತಿದ್ದೇನೆ ಎನ್ನುತ್ತಿದ್ದರು. ಮೋಟಾರಿನ ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆಯೆಂದು ಹೇಳುತ್ತಿದ್ದರು. ಮೂಟೆ ಎತ್ತಲು ಆಗುತ್ತಿರಲಿಲ್ಲ, ಗಿರಾಕಿಗಳೇ ಡಬ್ಬ ಎತ್ತಿ ಮೇಲೆ ಸುರಿಯಬೇಕಿತ್ತು. ಮಳೆಗಾಲದಲ್ಲಿ ರಾಗಿ ತಣುಪು ಹಿಡಿದಿದ್ದರೆ ಹಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಕಡಿದು ನೋಡಿ, ಇವತ್ತು ಬೇಡ, ಒಣಗಿಸಿಕೊಂಡು ಬಾ ಎಂದು ಕಳಿಸುತ್ತಿದ್ದರು. ಹುಬ್ಬು, ರೆಪ್ಪೆಯ ಮೇಲೆಲ್ಲ ಹಿಟ್ಟು. ಬದುಕಿ ಉಳಿದ ಸಂತೋಷ ಮಾತ್ರ ಆ ಮುಖದಲ್ಲಿರಲಿಲ್ಲ. ಸಕ್ಕರೆಯ ಮಾತ್ರೆ ಒಂದು ದಿನ ನುಂಗಿದರೆ ಎರಡು ದಿನ ಬಿಡುತ್ತಿದ್ದರು. ಯಾರೇ ಗಂಡನ ಸುದ್ದಿ ತೆಗೆದರೂ ಅದೇ ಮಾತು: ನಾನೇ ಅಂಟಿಸಿದ್ದು. ಎದುರುಮನೆಯವರು ಅದನ್ನು ಕೇಳಿ ಕೇಳಿ, ಹೌದಂತೆ, ಆಕೆಯಿಂದಲೇ ಬಂತಂತೆ ಎಂದು ಮಾತಾಡಿಕೊಳ್ಳುವಂತಾಗಿತ್ತು.

ಅಕ್ಟೋಬರ್ ಹೊತ್ತಿಗೆ ನಮ್ಮ ಮೊದಲ ಕಂತಿನ ಟ್ಯೂಬುಗಳ ಪರೀಕ್ಷೆ ಮುಗಿದಿತ್ತು. ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸದಲ್ಲಿ ನಾನೂ ಕೂತಿದ್ದೆ. ನಂಬರುಗಳಷ್ಟೇ ಇದ್ದವು, ಹೆಸರಿಲ್ಲ. ಆದರೆ ನಂಬರು ಅಂಟಿಸಿದವಳು ನಾನೇ ಅಲ್ಲವೇ? ಮೂವತ್ತೇಳರ ಸಾಲು ಬಂದಾಗ ಕೈ ನಿಂತಿತು. ಏಳನೇ ದಿನದ ರಕ್ತದಲ್ಲಿ ವೈರಸ್ಸಿನ ವಿರುದ್ಧದ ಆಂಟಿಬಾಡಿ ಹೇರಳವಾಗಿತ್ತು. ಅದೇ ದಿನದ ಮೂವತ್ತೆಂಟರಲ್ಲಿ ಅದರ ಅರ್ಧವೂ ಇರಲಿಲ್ಲ. ಮಿಕ್ಕ ಸಾಲುಗಳನ್ನು ನಾನು ಓದಲಿಲ್ಲ, ಓದಿದರೂ ತಿಳಿಯುತ್ತಿರಲಿಲ್ಲ.

ಆ ವಾರ ರಾಗಿ ತೆಗೆದುಕೊಂಡು ಹೋದಾಗ ಮಿಲ್ಲಿನಲ್ಲಿ ಬೇರೆ ಗಿರಾಕಿ ಇರಲಿಲ್ಲ. ಹಿಟ್ಟು ಆರಲೆಂದು ಪೇಪರಿನ ಮೇಲೆ ಹರಡಿ ಕೂತಿದ್ದೆವು. ಗೌರಮ್ಮ ಇದ್ದಕ್ಕಿದ್ದಂತೆ, “ಅವ್ರ ರಕ್ತ ಇನ್ನೂ ಐತಾ ನಿಮ್ಮತ್ರ?” ಎಂದು ಕೇಳಿದರು.

ಇದೆ ಎಂದೆ.

“ಎಲ್ಲಿಟ್ಟಿದ್ದೀರಾ?”

“ಫ್ರೀಜರ್‌ನಲ್ಲಮ್ಮ.”

ಅವರು ಹಿಟ್ಟಿನ ಮೇಲೆ ಬೆರಳಾಡಿಸುತ್ತಾ ಕೂತರು. “ತಣ್ಣೀರೇ ಆಗ್ತಿರ್ಲಿಲ್ಲ ಅವ್ರಿಗೆ. ಬೇಸಿಗೇಲೂ ಬಿಸಿನೀರೇ ಬೇಕು,” ಎಂದರು. ಮತ್ತೆ ಕೇಳಿದರು: “ನಮ್ಮ ಭಾವ ಹೇಳೋದು ನಿಜಾನಾ? ಅವ್ರ ಮೈಯಲ್ಲಿ ಶಕ್ತೀನೇ ಇರ್ಲಿಲ್ವಾ?”

ಹದಿನಾಲ್ಕು ವರ್ಷದಲ್ಲಿ ನಾನು ಯಾರಿಗೂ ರಿಪೋರ್ಟಿನ ಮಾತು ಬಾಯಿಬಿಟ್ಟವಳಲ್ಲ. ಅವತ್ತು ತಡೆಯಲಾಗಲಿಲ್ಲ. “ಯಾರಮ್ಮ ಹಾಗೆ ಹೇಳಿದ್ದು? ನಿಮಗಿಂತ ಅವರಿಗೇ ಜಾಸ್ತಿ ಇತ್ತು. ನಾನೇ ನೋಡಿದೀನಿ,” ಎಂದುಬಿಟ್ಟೆ. ಅವರಿಗೆ ಸಮಾಧಾನವಾಗಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಅವರು ತಲೆಯಾಡಿಸಿದರು. ಮುಖ ನಿಜಕ್ಕೂ ಒಂದಿಷ್ಟು ತಿಳಿಯಾದಂತೆ ಕಂಡಿತು. ನಾನು ಹಿಟ್ಟು ತುಂಬಿಕೊಂಡು, ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡೇ ಮನೆಗೆ ಹೋದೆ.

ನಾಲ್ಕನೇ ದಿನ ಮಹೇಶ ಆಸ್ಪತ್ರೆಗೆ ಬಂದ. ಕೂಗಾಡಲಿಲ್ಲ. ರಿಸೆಪ್ಷನ್ನಿನಲ್ಲಿ ನಿಂತು, ತನ್ನ ತಂದೆಯ ಫೈಲಿನ ನಕಲು ಬೇಕು, ಮೇಲಿನವರಿಗೆ ಒಂದು ದೂರು ಕೊಡಬೇಕು ಎಂದನಂತೆ. ನನ್ನನ್ನು ಕರೆಸಿದರು. ಅವನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವನು, ಔಷಧಿಗಳ ಹೆಸರು ಗೊತ್ತಿದ್ದವನು. ಲೆಕ್ಕ ಹಾಕಿಕೊಂಡೇ ಬಂದಿದ್ದ.

“ಅಪ್ಪಂಗೆ ಶಕ್ತಿ ಅಮ್ಮಂಗಿಂತ ಜಾಸ್ತಿ ಇತ್ತು ಅಂತ ನೀವೇ ಹೇಳಿದ್ರಂತೆ ಅಕ್ಕ. ಮತ್ತೆ ಇವ್ರು ಸ್ಟಿರಾಯ್ಡ್ ಯಾಕೆ ಕೊಟ್ರು? ಅದು ಇಮ್ಯುನಿಟಿ ಇಳಿಸೋ ಔಷಧಿ. ಹೋರಾಡ್ತಿದ್ದೋರ ಕೈ ಕಟ್ಟಿಹಾಕ್ದಂಗೆ ಆಗ್ಲಿಲ್ವಾ?”

ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದ ಒಂದು ತುಂಡನ್ನು ಎತ್ತಿ ಆ ಮನೆಯೊಳಗೆ ಇಟ್ಟು ಬಂದಿದ್ದೆ. ಅವನನ್ನು ಕೂರಿಸಿ, ನೇರವಾಗಿ ಡಾಕ್ಟರ್ ಸುಮಂಗಲಾ ಅವರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನು ಮೇಲೆ ಮನೆಗಳಿಗೆ ಬೇರೆಯವರು ಹೋಗುತ್ತಾರೆ, ನೀನು ಲ್ಯಾಬಿನೊಳಗಿನ ಕೆಲಸ ನೋಡಿಕೋ ಎಂದರು. ನಡೆದದ್ದನ್ನು ಅಧ್ಯಯನದ ಮೇಲುಸ್ತುವಾರಿ ನೋಡುವ ಕಮಿಟಿಗೆ ನಾನೇ ಬರೆದು ತಿಳಿಸುತ್ತೇನೆ, ಒಮ್ಮೆ ಹೊರಗೆ ಬಿದ್ದ ಮಾತನ್ನು ಅರ್ಧಕ್ಕೇ ಬಿಡುವುದೂ ಸರಿಯಲ್ಲ ಎಂದರು. ಮುಂದಿನ ತಿಂಗಳು ಗೌರಮ್ಮನ ಆರು ತಿಂಗಳ ರಕ್ತ ತೆಗೆಯುವುದಿತ್ತು. ಅಮ್ಮ ಮಗ ಇಬ್ಬರೂ ಆಸ್ಪತ್ರೆಗೇ ಬರಲಿ, ಕೂತು ಮಾತಾಡೋಣ ಎಂದು ಮಹೇಶನಿಗೆ ತಾವೇ ಹೇಳಿ ಕಳಿಸಿದರು. ಕಾರಿಡಾರಿನಲ್ಲಿ ಅವನು ನನ್ನನ್ನು ದಾಟಿಕೊಂಡು ಹೋದ, ಮುಖ ನೋಡಲಿಲ್ಲ. ಆ ತಿಂಗಳೆಲ್ಲ ನಾನು ಮಿಲ್ಲಿನ ಕಡೆ ಹೋಗಲಿಲ್ಲ. ಮನೆಯಲ್ಲಿ ಅತ್ತೆ ರಾಗಿಹಿಟ್ಟು ಮುಗಿಯಿತು ಎಂದಾಗ ಅಂಗಡಿಯಿಂದ ಪ್ಯಾಕೆಟ್ ತಂದುಕೊಟ್ಟೆ.

ಆ ವರ್ಷದ ನವೆಂಬರ್ ಮಳೆ ನೆನಪಿರುವವರಿಗೆ ನೆನಪಿರುತ್ತದೆ. ನಿಲ್ಲಬೇಕಾದ ಹೊತ್ತಿಗೆ ಹಿಡಿದುಕೊಂಡಿತು. ದಿನಗಟ್ಟಲೆ ಬಿಸಿಲೇ ಇಲ್ಲ, ಗೋಡೆಗಳೆಲ್ಲ ತೇವ, ಒಗೆದ ಬಟ್ಟೆ ಮನೆಯೊಳಗೇ ಕಮಟು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆ ಬರುತ್ತಿದೆಯೆಂದು ತುಮಕೂರು, ಮಾಗಡಿ ಕಡೆಯಿಂದ ಸುದ್ದಿ ಬರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಅಮ್ಮ ಮಗ ಛತ್ರಿ ಹಿಡಿದು ಬಂದರು. ರಕ್ತ ತೆಗೆಯಲು ಗೌರಮ್ಮ ನನ್ನನ್ನೇ ಕೇಳಿದರು. ಬಿಸಿನೀರಿನ ಬಟ್ಟೆ ಇಟ್ಟು ತೆಗೆದೆ. ನಾನು ಮಾಡಿದ್ದು ತಪ್ಪಾಯಿತಮ್ಮ ಎಂದೆ. ಅವರು ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು.

ಡಾಕ್ಟರ್ ನನ್ನನ್ನೂ ಕೋಣೆಯಲ್ಲೇ ಕೂರಲು ಹೇಳಿದರು. ಮಹೇಶ ತನ್ನ ಪ್ರಶ್ನೆಯನ್ನು ಮತ್ತೆ ಕೇಳಿದ. ಡಾಕ್ಟರ್ ಮೊದಲೇ ಒಂದು ಮಾತು ಸ್ಪಷ್ಟ ಮಾಡಿದರು: ಒಬ್ಬರ ರಕ್ತ ನೋಡಿ, ಅವರು ಇಂಥದ್ದರಿಂದಲೇ ಹೋದರು ಎಂದು ಹೇಳುವ ವಿದ್ಯೆ ತಮಗೆ ಗೊತ್ತಿಲ್ಲ, ಹಾಗೆ ಬರೆದುಕೊಡಿ ಎಂದರೆ ಬರೆದುಕೊಡುವುದಿಲ್ಲ. ಬಹಳ ಜನರಲ್ಲಿ ಕಂಡದ್ದನ್ನು ಹೇಳಬಲ್ಲೆ ಎಂದರು. ಆಂಟಿಬಾಡಿ ಎಂಬುದು ದೇಹ ಮಾಡುವ ಹತ್ತು ಕೆಲಸಗಳಲ್ಲಿ ಒಂದು ಮಾತ್ರ. ಅದಕ್ಕೂ ಮೊದಲು, ವೈರಸ್ ಹೊಕ್ಕಿದೆ ಎಂಬ ಸುದ್ದಿ ಮೈಯೊಳಗೆ ಹರಡಬೇಕು. ವೈರಸ್ ಸೇರಿಕೊಂಡ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಬೇರೆ ಬಗೆಯ ಬಿಳಿ ರಕ್ತಕಣಗಳು ಏಳಬೇಕು. ಉಳಿದವರಲ್ಲಿ ಹೆಚ್ಚಿನವರಿಗೆ ಇವೆಲ್ಲ ಮೊದಲ ದಿನಗಳಲ್ಲೇ, ಸಾಧಾರಣ ಪ್ರಮಾಣದಲ್ಲಿ, ಒಂದರ ಹಿಂದೊಂದು ನಡೆದಿದ್ದವು. ಹೋದವರಲ್ಲಿ ಹಲವರಿಗೆ ಆ ಮೊದಲ ಸುದ್ದಿಯೇ ತಡವಾಗಿತ್ತು.

“ಆ ದಿನಗಳಲ್ಲಿ ಮನುಷ್ಯ ಚೆನ್ನಾಗೇ ಇರ್ತಾನೆ, ಓಡಾಡ್ಕೊಂಡಿರ್ತಾನೆ. ವೈರಸ್ ಒಳಗೆ ಬೆಳೀತಿರುತ್ತೆ,” ಎಂದರು ಡಾಕ್ಟರ್. “ಆಮೇಲೆ ದೇಹಕ್ಕೆ ಗೊತ್ತಾದಾಗ ಇರೋದನ್ನೆಲ್ಲ ಒಂದೇ ಸಲ ಬಿಡುತ್ತೆ, ನಿಲ್ಲಿಸೋದೇ ಇಲ್ಲ. ಅದು ವೈರಸ್ಸನ್ನೂ ಹೊಡೆಯುತ್ತೆ, ನಮ್ಮ ಶ್ವಾಸಕೋಶಾನೂ ಹೊಡೆಯುತ್ತೆ. ಆಗ ಅದನ್ನ ತಗ್ಗಿಸೋದಕ್ಕೇ ಸ್ಟಿರಾಯ್ಡ್ ಕೊಡೋದು ಮಹೇಶ್. ನಿಮ್ಮ ತಾಯಿಗೂ ಅದೇ ಇಂಜೆಕ್ಷನ್ ಕೊಟ್ಟಿದ್ವಿ.”

ರುದ್ರಪ್ಪನವರ ಮೊದಲ ದಿನದ ಟ್ಯೂಬಿನಲ್ಲಿ ಆಂಟಿಬಾಡಿ ಹೆಚ್ಚೇನೂ ಇರಲಿಲ್ಲವಂತೆ. ಮೂರನೆಯ ದಿನ ಸ್ವಲ್ಪ, ಏಳನೆಯ ದಿನ ರಾಶಿ. ಗೌರಮ್ಮನದರಲ್ಲಿ ಮೊದಲ ದಿನವೇ ಒಂದು ಮಟ್ಟಕ್ಕೆ ಇತ್ತು, ಆ ಬೇರೆ ಬಿಳಿಕಣಗಳೂ ಇದ್ದವು. ನಾನು ನೋಡಿದ್ದು ಏಳನೆಯ ದಿನದ ಒಂದೇ ಸಾಲು. ಕೂತಲ್ಲೇ ತಲೆ ತಗ್ಗಿಸಿದೆ.

ಗೌರಮ್ಮ ಇಷ್ಟು ಹೊತ್ತು ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದರು. “ಬಿತ್ತನೆಗೆ ಬರ್ಬೇಕಾದ ಮಳೆ ಕೊಯ್ಲಿಗೆ ಬಂದು ಸುರಿದಂಗೆ,” ಎಂದರು. “ಕಮ್ಮಿ ಏನಲ್ಲ. ಹೊತ್ತಲ್ಲದ ಹೊತ್ತು.”

ಡಾಕ್ಟರ್ ಹೌದೆಂದರು. ತಾವು ಹತ್ತು ನಿಮಿಷ ಹೇಳಿದ್ದು ಇಷ್ಟೇ ಎಂದರು.

“ಹಂಗಾದ್ರೆ ಅವ್ರು ಹೆದರಿ ಹೋಗಿದ್ದಲ್ಲ.”

“ಅಲ್ಲಮ್ಮ. ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಷಾಯಕ್ಕೂ ಇಲ್ಲ.”

ಗೌರಮ್ಮ ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಮಾತು ಅಲ್ಲಿಗೆ ಮುಗಿಯಿತೆಂದು ನಾನು ಏಳುವುದರಲ್ಲಿದ್ದೆ. ಮಹೇಶ ಏಳಲಿಲ್ಲ. ಛತ್ರಿಯ ಹಿಡಿಯನ್ನು ತಿರುಗಿಸುತ್ತಾ, ಒಂದು ಮನೆಯಲ್ಲಿ ಯಾರಿಗೆ ಮೊದಲು ಬಂತು ಎಂಬುದು ರಕ್ತದಲ್ಲಿ ಗೊತ್ತಾಗುತ್ತದೆಯೇ ಎಂದು ಕೇಳಿದ. ಡಾಕ್ಟರ್ ಉತ್ತರಿಸುವ ಮೊದಲೇ ಗೌರಮ್ಮ ಬಾಯಿಹಾಕಿದರು. ಅದರಲ್ಲಿ ಕೇಳುವುದೇನಿದೆ, ನನಗೇ ಮೊದಲು ಬಂದದ್ದು, ನಾನೇ ಅಂಟಿಸಿದ್ದು ಎಂದು ಎಲ್ಲರಿಗೂ ಗೊತ್ತು ಎಂದರು.

“ಇಲ್ಲ ಅಮ್ಮ,” ಎಂದ ಮಹೇಶ. “ನಂಗೆ ಬಂದಿತ್ತು ಮೊದ್ಲು. ನಿಂಗೆ ಜ್ವರ ಬರೋದಕ್ಕೆ ಮೂರು ದಿನ ಮುಂಚೆ. ಅಂಗಡೀಲಿ ದಿನಾ ನೂರು ಜನ ಕೆಮ್ಮೋರು ಬರ್ತಿದ್ರು. ಒಂದಿನ ಮೈ ಬಿಸಿ ಆಯ್ತು, ಮಾತ್ರೆ ನುಂಗಿ ಸುಮ್ಮನಾದೆ. ಹೇಳಿದ್ರೆ ಮನೆ ಸೀಲ್ ಮಾಡ್ತಾರೆ, ಮಿಲ್ ಮುಚ್ಚಿಸ್ತಾರೆ ಅನ್ಕೊಂಡೆ. ಏನೂ ಆಗ್ಲಿಲ್ಲ ನಂಗೆ, ಒಂದೇ ದಿನಕ್ಕೆ ಹೋಯ್ತು. ನೀನು ಎಲ್ರ ಮುಂದೆ ನಾನೇ ಅಂಟಿಸಿದ್ದು ಅಂತ ಹೇಳ್ಕೊಂಡು ಬರ್ತಿದ್ದೆ. ನಾನು ಕೇಳ್ಕೊಂಡು ಸುಮ್ಮನಿದ್ದೆ.”

ಹೊರಗೆ ಮಳೆ ಶೀಟಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಗೌರಮ್ಮನ ಮುಖದಲ್ಲಿ ನಾನು ನಿರೀಕ್ಷಿಸಿದ ಆಘಾತ ಕಾಣಲಿಲ್ಲ.

“ಗೊತ್ತು ಕಣೋ,” ಎಂದರು. “ನಂಗೆ ಜ್ವರ ಬರೋ ಮುಂಚೆ ಒಂದಿನ ಹುರುಳಿಕಾಳು ಸಾರಿಗೆ ಉಪ್ಪು ಹಾಕೋದೇ ಮರ್ತಿದ್ದೆ. ನಿಮ್ಮಪ್ಪ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರ್ಸಿದ್ರು. ನೀನು ಎರಡು ಸಲ ಹಾಕಿಸ್ಕೊಂಡು ಉಂಡು ಎದ್ದೆ. ಆವಾಗ ನಂಗೂ ಹೊಳೀಲಿಲ್ಲ. ಇಲ್ಲಿ ಮಲಗಿದ್ದಾಗ ರುಚಿ ಗೊತ್ತಾಗುತ್ತಾ ಅಂತ ನರ್ಸಮ್ಮ ಕೇಳಿದ್ಲು ನೋಡು, ಆವಾಗ ಹೊಳೀತು.”

ಮಹೇಶ ತಲೆಯೆತ್ತಿ ನೋಡಿದ. “ಮತ್ತೆ ಯಾಕಮ್ಮ ಹಂಗೆ ಹೇಳ್ಕೊಂಡು ಬಂದೆ?”

“ನಾನು ಉಳಿಯೋಳಲ್ಲ ಅಂತ ಎಲ್ರೂ ಅಂತಿದ್ರಲ್ಲ. ನಂಗೂ ಹಂಗೇ ಅನ್ಸಿತ್ತು. ಹೋಗೋಳ ಮೇಲೆ ಹಾಕ್ಬಿಟ್ರೆ ಯಾರಿಗೂ ಭಾರ ಇರಲ್ಲ ಅನ್ಕೊಂಡೆ.” ಸೆರಗು ಸರಿಮಾಡಿಕೊಂಡರು. “ಉಳ್ಕೊಂಡ್ಬಿಟ್ಟೆ.”

ಮ‌ಹೇಶ ಮೇಜಿನ ಅಂಚಿಗೆ ಹಣೆಯೊತ್ತಿ ಅತ್ತ. ತಂದೆ ಹೋದಾಗಿನಿಂದ ಅವನು ಅತ್ತದ್ದನ್ನು ನೋಡಿಲ್ಲ ಎಂದು ಅವನ ದೊಡ್ಡಪ್ಪ ಹಿಂದೊಮ್ಮೆ ನನ್ನ ಬಳಿ ದೂರಿದ್ದರು. ಡಾಕ್ಟರ್ ಮೆಲ್ಲನೆ, ಬೇಕೆಂದು ಯಾರೂ ಯಾರಿಗೂ ಅಂಟಿಸುವುದಿಲ್ಲ, ಒಂದೇ ವೈರಸ್ ಮೂರು ಮೈಗಳಲ್ಲಿ ಮೂರು ಥರ ನಡೆದುಕೊಂಡಿತು, ಅದನ್ನು ಮೊದಲೇ ತಿಳಿಯುವುದು ನಮ್ಮಿಂದಲೇ ಆಗಲಿಲ್ಲ ಎಂದರು. ಅವನಿಗೆ ಕೇಳಿಸಿತೋ ಇಲ್ಲವೋ.

ಗೌರಮ್ಮ ಅಳಲಿಲ್ಲ, ಅವನ ಬೆನ್ನು ಸವರಲೂ ಇಲ್ಲ. ಒಂದು ಕೈಯನ್ನು ಅವನ ಕುರ್ಚಿಯ ತೋಳಿನ ಮೇಲಿಟ್ಟು, ಕಿಟಕಿಯಾಚೆ ಮಳೆ ನೋಡುತ್ತಾ, ಅವನು ಅತ್ತು ಮುಗಿಸುವವರೆಗೂ ಕಾದರು. ಆಮೇಲೆ ತಮ್ಮ ಚೀಲದಿಂದ ಸಕ್ಕರೆಯ ಮಾತ್ರೆಯ ಪಟ್ಟಿ ತೆಗೆದು, ನನ್ನ ಕೈಯಿಂದ ನೀರು ತೆಗೆದುಕೊಂಡು ಒಂದು ನುಂಗಿದರು.

“ಏಳಪ್ಪಾ,” ಎಂದರು. “ಮಿಲ್ ತೆಗೀಬೇಕು. ಜನ ಮಳೇಲಿ ಡಬ್ಬ ಹಿಡ್ಕೊಂಡು ನಿಂತಿರ್ತಾರೆ.”